ಕಂಪನಿ ಹೆಸರು ಆಮೇಲೆ, ಮೊದಲು ಹಿಂಜ್ ನೋಡಿ: ಚಿಕ್ಕಮಗಳೂರಿನಲ್ಲಿ ಲ್ಯಾಪ್‌ಟಾಪ್ ಕೊಂಡ ಅನುಭವ

ಹಳೆ ಲ್ಯಾಪ್‌ಟಾಪಿನ ಹಿಂಜ್ (ಮುಚ್ಚಳ ತಿರುಗುವ ಕೀಲು) ಒಡೆದದ್ದು ಕಾಫಿ ಕೊಯ್ಲಿನ ನಡುವೆ. ಹೊಸದು ಮನೆಗೆ ಬಂದು ಅದರ ವಾರಂಟಿ ದಾಖಲೆ ಸರಿಯಾಗುವ ಹೊತ್ತಿಗೆ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದು ಗಿಡಗಳಲ್ಲಿ ಹೂವೂ ಉದುರಿತ್ತು. ಒಂದು ಲ್ಯಾಪ್‌ಟಾಪ್ ತೆಗೆದುಕೊಳ್ಳೋಕೆ ಇಷ್ಟು ದಿನ ಯಾಕೆ ಬೇಕಾಯಿತು, ಎಲ್ಲೆಲ್ಲಿ ಸಿಕ್ಕಿಕೊಂಡೆ, ಗಟ್ಟಿ ಮೆಷಿನ್ ಯಾವುದು ಅಂತ ಕೈಯಲ್ಲಿ ಹಿಡಿದು ಹೇಗೆ ತಿಳಿದುಕೊಂಡೆ ಅನ್ನುವುದನ್ನೆಲ್ಲ ಮರೆಯುವ ಮೊದಲು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಇರುವವರಿಗೆ ಇದರಲ್ಲಿ ಅರ್ಧ ತೊಂದರೆ ಬರುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಹಾಸನ, ಸಕಲೇಶಪುರದ ಕಡೆಯವರಿಗೆ ಖಂಡಿತ ಬರುತ್ತದೆ.

ನಾನಿರುವುದು ಆಲ್ದೂರಿನ ಹತ್ತಿರ. ಕಾಫಿ, ಮೆಣಸಿನ ವ್ಯಾಪಾರಿಗಳಿಗೆ, ಹೋಂಸ್ಟೇ ನಡೆಸುವವರಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಮನೆಯಲ್ಲೇ ಕೂತು ಮಾಡುತ್ತೇನೆ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಹಾಕಬೇಕು. ಆ ಎರಡು ತಾರೀಖು ತಪ್ಪಿದರೆ ದಂಡ ಕಟ್ಟುವವರು ನನ್ನನ್ನು ನಂಬಿದ ಜನ. ಹಾಗಾಗಿ ಲ್ಯಾಪ್‌ಟಾಪ್ ಕೆಟ್ಟರೆ ನನಗೆ ಬರೀ ಬೇಜಾರಾಗುವುದಲ್ಲ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಳೆಯದಕ್ಕೆ ಮೂರು ವರ್ಷವೂ ಆಗಿರಲಿಲ್ಲ. ಒಂದು ಸಲವೂ ಕೆಳಗೆ ಬಿದ್ದದ್ದಲ್ಲ. ಬೆಳಿಗ್ಗೆ ಮುಚ್ಚಳ ಎತ್ತಿದಾಗ ಎಡಗಡೆ ಟಕ್ ಅಂತ ಸದ್ದಾಯಿತು. ನೋಡಿದರೆ ಕೀಬೋರ್ಡಿನ ಮೂಲೆ ಬಾಯಿ ಬಿಟ್ಟುಕೊಂಡು, ಒಳಗಿನ ವೈರ್ ಕಾಣುತ್ತಿತ್ತು. ಸ್ಕ್ರೀನ್ ಉರಿಯುತ್ತಿತ್ತು, ಕೆಲಸವೂ ಆಗುತ್ತಿತ್ತು. ಆದರೆ ಮುಚ್ಚಿದರೆ ಮತ್ತೆ ತೆಗೆಯುವ ಧೈರ್ಯ ಇರಲಿಲ್ಲ.

ಆ ಕಂಪನಿಯ ಸರ್ವಿಸ್‌ಗೆ ಫೋನ್ ಮಾಡಿದೆ. ಹಾಸನಕ್ಕೆ ತನ್ನಿ ಅಂದರು. ಬೇಲೂರಿನ ಮೇಲೆ ಬಸ್ಸಿನಲ್ಲಿ, ಬಾಯಿ ಬಿಟ್ಟ ಲ್ಯಾಪ್‌ಟಾಪನ್ನು ಎರಡು ದಿಂಬಿನ ಕವರಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಅಲ್ಲಿ ಟೋಕನ್ ತೆಗೆದುಕೊಂಡು ಮಧ್ಯಾಹ್ನದವರೆಗೆ ಕೂತೆ. ನೋಡಿದವರು ಹೇಳಿದ್ದು ಇಷ್ಟು: ವಾರಂಟಿ ಮುಗಿದಿದೆ, ಮುಗಿಯದಿದ್ದರೂ ಇದು ‘ಫಿಸಿಕಲ್ ಡ್ಯಾಮೇಜ್’, ಅದು ವಾರಂಟಿಯಲ್ಲಿ ಬರಲ್ಲ. ಹಿಂಜ್ ಒಂದನ್ನೇ ಕೊಡಲ್ಲ, ಅದು ಕೂರುವ ಇಡೀ ಮೇಲಿನ ಭಾಗ ಬದಲಿಸಬೇಕು. ಅಂದಾಜು 14,000 ರೂಪಾಯಿ. ಸಾಮಾನು ಬರೋಕೆ ಮೂರು ವಾರವಾದರೂ ಬೇಕು, ಅಲ್ಲಿಯವರೆಗೆ ಲ್ಯಾಪ್‌ಟಾಪ್ ಇಲ್ಲೇ ಬಿಟ್ಟು ಹೋಗಿ. ಜನವರಿ ತಿಂಗಳಲ್ಲಿ ಮೂರು ವಾರ ಬಿಟ್ಟು ಹೋಗುವುದು ಹೇಗೆ? ವಾಪಸ್ ತಂದೆ. ಬಸ್ಸಿನಲ್ಲಿ ಕೂತು ತುಂಬ ಸಿಟ್ಟು ಬಂತು. ಸರಿಯಾಗಿ ನೋಡಿಕೊಂಡ ವಸ್ತುವಿಗೆ ‘ನೀವೇ ಒಡೆದಿದ್ದೀರಿ’ ಅನ್ನುವ ಮಾತು ಕೇಳಬೇಕಾಯಿತು ಅಲ್ವಾ, ಅದಕ್ಕೆ.

ಕೊನೆಗೆ ಕೆಲಸಕ್ಕೆ ಬಂದವರು ಚಿಕ್ಕಮಗಳೂರು ಮಾರ್ಕೆಟ್ ರಸ್ತೆ ಕಡೆ ಒಂದು ಸಣ್ಣ ಅಂಗಡಿಯಲ್ಲಿ ರಿಪೇರಿ ಮಾಡುವ ಹುಡುಗ. ಅವರು ನನ್ನ ಎದುರಿಗೇ ಹಿಂದಿನ ಕವರ್ ಬಿಚ್ಚಿದರು. ನಾನು ಈ ಬರಹದಲ್ಲಿ ಮುಂದೆ ಹೇಳುವ ಎಲ್ಲದಕ್ಕೂ ಆ ಅರ್ಧ ಗಂಟೆಯಲ್ಲಿ ಕಂಡದ್ದೇ ಆಧಾರ. ಹಿಂಜ್ ಅಂದರೆ ಒಂದು ಉಕ್ಕಿನ ಪಟ್ಟಿ. ಅದನ್ನು ಮೂರು ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಆ ಸ್ಕ್ರೂ ಹೋಗಿ ಕಚ್ಚುವುದು ಕಡಲೆಕಾಳಿಗಿಂತ ಚಿಕ್ಕದಾದ ಹಿತ್ತಾಳೆ ನಟ್ಟಿಗೆ. ನಟ್ ಕೂತಿರುವುದು ಬರೀ ಪ್ಲಾಸ್ಟಿಕ್ಕಿನ ಒಂದು ಗುಂಡಿಯಲ್ಲಿ. ನನ್ನದರಲ್ಲಿ ಸ್ಕ್ರೂ ಸರಿಯಾಗಿಯೇ ಇತ್ತು, ನಟ್ಟೂ ಸರಿಯಾಗಿಯೇ ಇತ್ತು. ಸುತ್ತಲಿನ ಪ್ಲಾಸ್ಟಿಕ್ ಪುಡಿಯಾಗಿ ನಟ್ ಕಿತ್ತು ಬಂದಿತ್ತು. ಹಿಂಜ್ ತಿರುಗುವ ಜಾಗದಲ್ಲಿ ಬಿಗಿಯಾಗಿ ಬಿಟ್ಟರೆ, ಮುಚ್ಚಳ ಎತ್ತಿದಾಗ ತಿರುಗಬೇಕಾದ ಬಲವೆಲ್ಲ ಆ ಪ್ಲಾಸ್ಟಿಕ್ ಮೇಲೆ ಬೀಳುತ್ತದೆ. ಹಳೆ ಬಾಗಿಲಿನ ತಿರುಗಣಿಗೆ ತುಕ್ಕು ಹಿಡಿದರೆ ಚೌಕಟ್ಟಿನ ಮೊಳೆಯೇ ಕಿತ್ತು ಬರುತ್ತದಲ್ಲ, ಹಾಗೆ.

ಅವರು ಎರಡು ಭಾಗ ಕಲಸುವ ಎಪಾಕ್ಸಿ ಅಂಟು ಹಾಕಿ, ನಟ್ಟನ್ನು ಮತ್ತೆ ಕೂರಿಸಿ, ಹಿಂಜಿನ ಬಿಗಿಯನ್ನು ಸ್ವಲ್ಪ ಸಡಿಲ ಮಾಡಿ ಒಂದು ರಾತ್ರಿ ಇಟ್ಟುಕೊಂಡರು. 1,200 ರೂಪಾಯಿ ತೆಗೆದುಕೊಂಡರು. ‘ಇದು ಕೆಲವು ತಿಂಗಳು ಬರುತ್ತೆ, ಅಷ್ಟರಲ್ಲಿ ಬೇರೆ ನೋಡಿಕೊಳ್ಳಿ. ತೆಗೆದು ಮುಚ್ಚಿ ಮಾಡಬೇಡಿ, ತೆಗೆದೇ ಇಡಿ’ ಅಂದರು. ನಿಮ್ಮದೂ ಹೀಗೆ ಆಗಿದ್ದರೆ ಸದ್ದು ಬಂದ ದಿನವೇ ತೆರೆದುಮುಚ್ಚುವುದನ್ನು ನಿಲ್ಲಿಸಿ. ಎಳೆದಾಡಿದರೆ ಹಿಂಜಿನ ಪಕ್ಕದಲ್ಲೇ ಹೋಗುವ ಸ್ಕ್ರೀನಿನ ವೈರ್ ತುಂಡಾಗುತ್ತದೆ. ಆಗ ಖರ್ಚು ಎರಡರಷ್ಟಾಗುತ್ತದೆ. ಮತ್ತೆ, ರಿಪೇರಿಗೆ ಕೊಡುವ ಮೊದಲು ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ, ಕಡತಗಳು ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿಕೊಳ್ಳಿ.

ಈಗ ಯಾವ ಕಂಪನಿಯದು ತೆಗೆದುಕೊಳ್ಳಬೇಕು ಅನ್ನುವ ಪ್ರಶ್ನೆ. ಕೇಳಿದವರೆಲ್ಲ ಒಂದೊಂದು ಹೆಸರು ಹೇಳಿದರು. ಭಾವನ ಮಗ ಒಂದು ಕಂಪನಿಯದು ಬೆಸ್ಟ್ ಅಂದ. ಅದೇ ಕಂಪನಿಯದು ಒಂದೇ ವರ್ಷಕ್ಕೆ ಹೋಯಿತು ಅಂತ ಪಕ್ಕದ ತೋಟದ ರೈಟರ್ (ಲೆಕ್ಕ ಬರೆಯುವವರು) ಅಂದರು. ಇಬ್ಬರೂ ನಿಜ ಹೇಳುತ್ತಿದ್ದರು. ಇಬ್ಬರೂ ತಮ್ಮ ಹತ್ತಿರ ಇದ್ದ ಒಂದೇ ಒಂದು ಮೆಷಿನ್ ನೋಡಿ ಹೇಳುತ್ತಿದ್ದರು. ನಾನು ರಿಪೇರಿ ಹುಡುಗನನ್ನೇ ಕೇಳಿದೆ. ಅವರ ಹತ್ತಿರ ಎಲ್ಲಾ ಕಂಪನಿಯದೂ ಬರುತ್ತದೆ. ‘ಕಂಪನಿ ಕೇಳಬೇಡಿ, ಸೀರೀಸ್ ಕೇಳಿ. ಎಲ್ಲರೂ ಗಟ್ಟಿದೂ ಮಾಡುತ್ತಾರೆ, ಲಡ್ಡಾದದ್ದೂ ಮಾಡುತ್ತಾರೆ’ ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪ್ರತಿ ದೊಡ್ಡ ಕಂಪನಿಗೂ ಎರಡು ಸಾಲು ಇದೆ. ಒಂದು ಮನೆಯವರಿಗೆ, ವಿದ್ಯಾರ್ಥಿಗಳಿಗೆ. ಇನ್ನೊಂದು ಆಫೀಸುಗಳಿಗೆ. ಲೆನೊವೊದಲ್ಲಿ ಐಡಿಯಾಪ್ಯಾಡ್ ಮೊದಲನೆಯದು, ಥಿಂಕ್‌ಪ್ಯಾಡ್ ಎರಡನೆಯದು. ಥಿಂಕ್‌ಪ್ಯಾಡ್ ಶುರುವಾದದ್ದು 1992ರಲ್ಲಿ, ಐಬಿಎಂನವರದು. 2005ರಲ್ಲಿ ಐಬಿಎಂನ ಪಿಸಿ ವ್ಯಾಪಾರವನ್ನೇ ಲೆನೊವೊ ಕೊಂಡುಕೊಂಡಿತು. ಎಚ್‌ಪಿಯಲ್ಲಿ ಪೆವಿಲಿಯನ್ (ಈಗ ಆ ಜಾಗಕ್ಕೆ ಓಮ್ನಿಬುಕ್) ಮನೆಗೆ, ಪ್ರೋಬುಕ್ ಮತ್ತು ಎಲೀಟ್‌ಬುಕ್ ಆಫೀಸಿಗೆ. ಡೆಲ್‌ನಲ್ಲಿ ಇನ್ಸ್‌ಪಿರಾನ್ ಮನೆಗೆ, ಲ್ಯಾಟಿಟ್ಯೂಡ್ ಆಫೀಸಿಗೆ ಇತ್ತು. 2025ರ ಜನವರಿಯಲ್ಲಿ ಅವರು ಹೆಸರು ಬದಲಿಸಿ ಡೆಲ್, ಡೆಲ್ ಪ್ರೋ, ಡೆಲ್ ಪ್ರೋ ಮ್ಯಾಕ್ಸ್ ಅಂತ ಮಾಡಿದರು, ಲ್ಯಾಟಿಟ್ಯೂಡ್ ಜಾಗಕ್ಕೆ ಈಗ ಡೆಲ್ ಪ್ರೋ. ಏಸುಸ್‌ನಲ್ಲಿ ವಿವೋಬುಕ್ ಮತ್ತು ಎಕ್ಸ್‌ಪರ್ಟ್‌ಬುಕ್. ಏಸರ್‌ನಲ್ಲಿ ಆಸ್ಪೈರ್ ಮತ್ತು ಟ್ರಾವೆಲ್‌ಮೇಟ್.

ಆಫೀಸ್ ಸಾಲಿನ ಮೆಷಿನ್ ನೂರಾರು ಒಟ್ಟಿಗೆ ಕೊಳ್ಳುವವರು ಇರುತ್ತಾರೆ. ಅವು ಮೂರು ವರ್ಷ, ನಾಲ್ಕು ವರ್ಷ ದಿನವಿಡೀ ನಡೆಯಬೇಕು. ಅದಕ್ಕೆ ಹಿಂಜ್, ಕೀಬೋರ್ಡ್, ಬಾಡಿ ಮೇಲೆ ದುಡ್ಡು ಹಾಕಿರುತ್ತಾರೆ. ಮನೆ ಸಾಲಿನಲ್ಲಿ ಅದೇ ದುಡ್ಡು ಪ್ರೊಸೆಸರ್‌ಗೆ, ತೆಳ್ಳಗೆ ಕಾಣುವುದಕ್ಕೆ ಹೋಗುತ್ತದೆ. ಹಾಗಂತ ಮನೆ ಸಾಲಿನದೆಲ್ಲ ಕೆಟ್ಟದು ಅಂತಲ್ಲ. ಒಂದೇ ಟೇಬಲ್ ಮೇಲೆ ಇಟ್ಟು ವಾರಕ್ಕೆ ನಾಲ್ಕು ಗಂಟೆ ಬಳಸುವವರಿಗೆ ಅದು ಸಾಕು. ನನ್ನ ಹಾಗೆ ದಿನಕ್ಕೆ ಹತ್ತು ಸಲ ತೆಗೆದು ಮುಚ್ಚಿ, ಜೀಪಿನಲ್ಲಿ ತೋಟದಿಂದ ತೋಟಕ್ಕೆ ಒಯ್ಯುವವರಿಗೆ ಸಾಲದು.

ಇಷ್ಟು ತಿಳಿದುಕೊಂಡು ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಶೋರೂಂಗಳಿಗೆ ಹೋದೆ. ಸುಮ್ನೆ ನೋಡುವುದಲ್ಲ, ಕೈಯಲ್ಲಿ ಹಿಡಿದು ನೋಡಬೇಕು ಅಂತ ತೀರ್ಮಾನ ಮಾಡಿದ್ದೆ. ಮೊದಲು ಮುಚ್ಚಳದ ಮಧ್ಯಕ್ಕೆ ಒಂದು ಬೆರಳು ಹಾಕಿ ಎತ್ತುತ್ತಿದ್ದೆ. ಒಳ್ಳೆ ಹಿಂಜ್ ಆದರೆ ಮುಚ್ಚಳ ಮೇಲೆ ಬರುತ್ತದೆ, ಕೆಳಗಿನ ಭಾಗ ಟೇಬಲ್ ಮೇಲೇ ಇರುತ್ತದೆ. ಇಡೀ ಲ್ಯಾಪ್‌ಟಾಪ್ ಎದ್ದು ಬಂದರೆ ಹಿಂಜ್ ತುಂಬ ಬಿಗಿ ಅಥವಾ ತಳ ತುಂಬ ಹಗುರ. ಆಮೇಲೆ ಮುಚ್ಚಳವನ್ನು ನಿಧಾನಕ್ಕೆ ಅರ್ಧ ಮುಚ್ಚಿ ಬಿಡುತ್ತಿದ್ದೆ. ಬಿಟ್ಟ ಕಡೆ ನಿಲ್ಲಬೇಕು. ತೆರೆಯುವಾಗ ಕಣ್ಣು ಸ್ಕ್ರೀನ್ ಕಡೆ ಇರಬಾರದು, ಹಿಂಜ್ ಇರುವ ಮೂಲೆ ಕಡೆ ಇರಬೇಕು. ಅಲ್ಲಿ ಪ್ಲಾಸ್ಟಿಕ್ ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಅದು ಬೇಡ. ಒಂದು ಶೋರೂಂನಲ್ಲಿ ಡೆಮೋಗೆ ಇಟ್ಟಿದ್ದ ಒಂದರಲ್ಲಿ ಇದು ಕಂಡೇ ಬಿಟ್ಟಿತು. ಡೆಮೋ ಪೀಸ್ ನೋಡುವುದರಲ್ಲಿ ಅದೇ ಲಾಭ. ದಿನವೂ ಹತ್ತಾರು ಜನ ತೆಗೆದು ಮುಚ್ಚಿರುತ್ತಾರೆ, ಹೊಸದರಲ್ಲಿ ಕಾಣದ ದೋಷ ಅದರಲ್ಲಿ ಕಾಣುತ್ತದೆ.

ಕೀಬೋರ್ಡಿನ ನಡುಮಧ್ಯ, ಜಿ ಮತ್ತು ಎಚ್ ಕೀಲಿಗಳ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲದರಲ್ಲೂ ಸ್ವಲ್ಪ ಬಗ್ಗುತ್ತದೆ, ಹಾಸಿಗೆ ಹಾಗೆ ಕುಸಿಯಬಾರದು. ಮುಂದಿನ ಒಂದು ಮೂಲೆ ಹಿಡಿದು ಒಂದೇ ಕೈಯಲ್ಲಿ ಎತ್ತಿ. ಕಿರ್ ಅಂದರೆ ಒಳಗೆ ಲೋಹದ ಚೌಕಟ್ಟು ಗಟ್ಟಿಯಾಗಿಲ್ಲ. ಮುಚ್ಚಳದ ಬೆನ್ನಿನ ಮೇಲೆ ಒಂದು ಬೆರಳು ಒತ್ತಿ, ಎದುರಿಗೆ ಸ್ಕ್ರೀನಿನಲ್ಲಿ ನೀರಿನ ಅಲೆ ಹಾಗೆ ಬಣ್ಣ ಕದಡುತ್ತದಾ ನೋಡಿ. ಕದಡಿದರೆ ಬ್ಯಾಗಿನಲ್ಲಿ ಇಟ್ಟಾಗ ಆ ಒತ್ತಡ ನೇರ ಸ್ಕ್ರೀನಿಗೇ ಹೋಗುತ್ತದೆ.

‘ಮೆಟಲ್ ಬಾಡಿ ಮೇಡಂ’ ಅನ್ನುವ ಮಾತನ್ನು ಪ್ರತಿ ಅಂಗಡಿಯಲ್ಲೂ ಕೇಳಿದೆ. ಮುಚ್ಚಳದ ಬೆನ್ನಿನ ಮೇಲೆ ಕೈ ಇಡಿ, ತಣ್ಣಗಿರುತ್ತದೆ, ಅದು ಅಲ್ಯುಮಿನಿಯಂ. ಕೀಬೋರ್ಡ್ ಪಕ್ಕ ಕೈ ಇಡಿ, ತಳಕ್ಕೆ ಕೈ ಇಡಿ. ಬಹಳ ಮಾಡೆಲ್‌ಗಳಲ್ಲಿ ಮುಚ್ಚಳ ಮಾತ್ರ ಲೋಹ, ಉಳಿದದ್ದು ಪ್ಲಾಸ್ಟಿಕ್. ಹಿಂಜ್ ಕೂರುವುದು ಆ ಪ್ಲಾಸ್ಟಿಕ್ಕಿನಲ್ಲಿ. ಲೋಹದ ಮುಚ್ಚಳಕ್ಕೆ ತೂಕ ಜಾಸ್ತಿ ಇದ್ದರೆ ಅದನ್ನು ಹಿಡಿದು ನಿಲ್ಲಿಸುವ ಹೊರೆಯೂ ಆ ಪ್ಲಾಸ್ಟಿಕ್ ಮೇಲೇ. ಒಳಗೆ ಮೆಗ್ನೀಷಿಯಂ ಚೌಕಟ್ಟು ಇಟ್ಟು ಹೊರಗೆ ಒಳ್ಳೆ ದಪ್ಪ ಪ್ಲಾಸ್ಟಿಕ್ ಹಾಕಿದ ಮೆಷಿನ್ ನೋಡೋಕೆ ಅಷ್ಟು ಚೆಂದ ಇರುವುದಿಲ್ಲ, ಬಾಳಿಕೆ ಅದಕ್ಕೇ ಜಾಸ್ತಿ.

ಇನ್ನೊಂದು ‘ಮಿಲಿಟರಿ ಗ್ರೇಡ್’ ಸ್ಟಿಕ್ಕರ್. ಅದರ ಮೇಲೆ ಮಿಲ್-ಎಸ್‌ಟಿಡಿ-810ಎಚ್ ಅಂತ ಇರುತ್ತದೆ. ಅದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಗ್ರಹ, ‘ಎಚ್’ ಆವೃತ್ತಿ 2019ರದು. ಬೀಳುವುದು, ಅಲುಗಾಟ, ಬಿಸಿ, ತೇವ, ಧೂಳು ಹೀಗೆ ಬೇರೆ ಬೇರೆ ಪರೀಕ್ಷೆ ಅದರಲ್ಲಿವೆ. ಆ ಇಲಾಖೆ ಯಾವ ಲ್ಯಾಪ್‌ಟಾಪಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕಂಪನಿಯವರೇ ಕೆಲವು ಪರೀಕ್ಷೆ ಆರಿಸಿಕೊಂಡು ಮಾಡಿಸಿ ಸ್ಟಿಕ್ಕರ್ ಹಾಕುತ್ತಾರೆ. ಸ್ಟಿಕ್ಕರ್ ಇರುವುದು ಒಳ್ಳೆಯದೇ. ಯಾವ ಯಾವ ಪರೀಕ್ಷೆ ಅಂತ ಕಂಪನಿಯ ಪುಟದಲ್ಲಿ ನೋಡಬೇಕು ಅಷ್ಟೆ. ಅದು ನಿಮ್ಮ ಹಿಂಜಿಗೆ ಕೊಟ್ಟ ಗ್ಯಾರಂಟಿ ಅಲ್ಲ.

ಪ್ರೊಸೆಸರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್ ಇಷ್ಟೇ ಕೆಲಸಕ್ಕೆ ಈಗಿನ ಮಧ್ಯಮ ಮಟ್ಟದ ಯಾವ ಪ್ರೊಸೆಸರ್ ಆದರೂ ಸಾಕು. ನಾನು ಗಟ್ಟಿಯಾಗಿ ಹಿಡಿದದ್ದು 16 ಜಿಬಿ ರ್‍ಯಾಮ್ ಮತ್ತು ರ್‍ಯಾಮಿಗೆ ಒಂದಾದರೂ ಖಾಲಿ ಸ್ಲಾಟ್. ಕೆಲವು ತೆಳ್ಳನೆ ಮಾಡೆಲ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಮುಂದೆ ಹೆಚ್ಚಿಸೋಕೆ ಆಗಲ್ಲ. ನನ್ನ ಹಾಗೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಹಳೇ ಅಗಲದ ಯುಎಸ್‌ಬಿ ಕಿಂಡಿ ಇದೆಯಾ ಅಂತ ಮರೆಯದೆ ನೋಡಿ. ಜೊತೆಗೆ ಯುಎಸ್‌ಬಿ-ಸಿ ಇಂದ ಚಾರ್ಜ್ ಆಗುವುದಾದರೆ ಒಳ್ಳೆಯದು. ಚಾರ್ಜರ್ ಹೋದ ದಿನ ಚಿಕ್ಕಮಗಳೂರಿನಲ್ಲೇ ಒಂದು ಸಿಗುತ್ತದೆ. ಬದಲಿ ಚಾರ್ಜರ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇರಲಿ.

ಮನೆಗೆ ಬಂದು ರಾತ್ರಿ ಮಾಡಿದ ಕೆಲಸ ಒಂದಿದೆ, ಅದನ್ನು ಎಲ್ಲರೂ ಮಾಡಬೇಕು ಅಂತ ನನ್ನ ಆಸೆ. ಲೆನೊವೊ, ಎಚ್‌ಪಿ, ಡೆಲ್ ಮೂವರೂ ತಮ್ಮ ಮಾಡೆಲ್‌ಗಳ ಸರ್ವಿಸ್ ಮ್ಯಾನ್ಯುಯಲ್‌ಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಬಿಟ್ಟಿ ಇಟ್ಟಿದ್ದಾರೆ. ಮೆಕ್ಯಾನಿಕ್‌ಗಳಿಗೆ ಬರೆದದ್ದು, ಆದರೆ ಚಿತ್ರ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ನನಗೆ ಹಿಡಿಸಿದ ಮಾಡೆಲ್‌ಗಳ ಮ್ಯಾನ್ಯುಯಲ್ ಇಳಿಸಿಕೊಂಡು ಮೂರು ವಿಷಯ ಹುಡುಕಿದೆ. ತಳದ ಕವರ್ ಮಾಮೂಲಿ ಸ್ಕ್ರೂ ಬಿಚ್ಚಿದರೆ ಬರುತ್ತದಾ? ಹಿಂಜ್ ಬೇರೆ ಭಾಗವಾಗಿ ಸಿಗುತ್ತದಾ, ಅಥವಾ ಇಡೀ ಮುಚ್ಚಳದ ಜೊತೆಗೇನಾ? ಕೀಬೋರ್ಡ್ ಬೇರೆ ಬರುತ್ತದಾ, ಅಥವಾ ಪ್ಲಾಸ್ಟಿಕ್ ಕರಗಿಸಿ ಮೇಲಿನ ಕವರಿಗೆ ಅಂಟಿಸಿದ್ದಾರಾ? ಶೋರೂಂನಲ್ಲಿ ಒಂದೇ ಥರ ಕಂಡ ಎರಡು ಮೆಷಿನ್ ಒಳಗೆ ಎಷ್ಟು ಬೇರೆ ಅನ್ನುವುದು ಅಲ್ಲಿ ಗೊತ್ತಾಯಿತು. ಒಂದರಲ್ಲಿ ಹಿಂಜಿಗೆ ಬೇರೆ ಪಾರ್ಟ್ ನಂಬರ್ ಇತ್ತು. ಇನ್ನೊಂದರಲ್ಲಿ ಇರಲಿಲ್ಲ. ಹಾಸನದಲ್ಲಿ ನನಗೆ ಹೇಳಿದ 14,000ಕ್ಕೆ ಕಾರಣ ಇದೇ ಅಲ್ವಾ?

ನಡುವೆ ಒಂದು ಸಲ ಬೇರೆಯವರು ಬಳಸಿದ ಹಳೆಯದನ್ನೇ ತೆಗೆದುಕೊಳ್ಳಲಾ ಅಂತಲೂ ಯೋಚಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಸಾಲಿನ ಲ್ಯಾಪ್‌ಟಾಪ್‌ಗಳು ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಬಾಡಿ ಮಟ್ಟಿಗೆ ಅವು 40,000ದ ಹೊಸ ಲ್ಯಾಪ್‌ಟಾಪಿಗಿಂತ ಗಟ್ಟಿ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆಯೂ ಬೇಕು. ಅದಕ್ಕಿಂತ ಹಳೆಯದನ್ನು ಅಗ್ಗಕ್ಕೆ ಕೊಟ್ಟರೂ ಬೇಡ. ಬೇರೆಯವರ ತೆರಿಗೆ ಪಾಸ್‌ವರ್ಡ್ ನನ್ನ ಹತ್ತಿರ ಇರುವುದರಿಂದ, ಮತ್ತೆ ಮನೆಗೆ ಬಂದು ರಿಪೇರಿ ಮಾಡುವ (ಆನ್‌ಸೈಟ್) ವಾರಂಟಿ ಬೇಕಾಗಿದ್ದರಿಂದ ಹೊಸದಕ್ಕೇ ಹೋದೆ. ಓದುವ ಮಕ್ಕಳಿಗಾದರೆ ಬಳಸಿದ್ದನ್ನು ಕೊಳ್ಳುವುದು ಒಳ್ಳೆ ದಾರಿ ಅಂತಲೇ ಹೇಳುತ್ತೇನೆ.

ಶೋರೂಂಗಳಲ್ಲಿ ಆಫೀಸ್ ಸಾಲಿನದು ಇಡುವುದು ಬಹಳ ಕಡಿಮೆ. ಚಿಕ್ಕಮಗಳೂರಿನಲ್ಲಿ ಕೇಳಿದರೆ ‘ಅದು ಯಾರೂ ಕೇಳಲ್ಲ’ ಅಂದರು. ಹಾಸನದ ಬಿ.ಎಂ. ರಸ್ತೆಯಲ್ಲಿ ಕಾಲೇಜು, ಆಫೀಸುಗಳಿಗೆ ಸಪ್ಲೈ ಮಾಡುವ ಒಂದು ಅಂಗಡಿಯವರು ತರಿಸಿಕೊಡುತ್ತೇವೆ ಅಂದರು. ನೋಡೋಕೆ ಒಂದು ಪೀಸ್ ಅವರ ಹತ್ತಿರ ಇತ್ತು. ಮೇಲಿನ ಪರೀಕ್ಷೆ ಎಲ್ಲ ಅದರ ಮೇಲೆ ಮಾಡಿದೆ. ಪಾಸಾಯಿತು.

ಮುಂಗಡ ಕೊಡುವ ಮೊದಲು ನಾನು ಪಟ್ಟಿಯಲ್ಲಿಟ್ಟಿದ್ದ ಕಂಪನಿಗಳ ಗ್ರಾಹಕ ಸೇವೆಗೆ ಫೋನ್ ಮಾಡಿ ನಮ್ಮ ಪಿನ್‌ಕೋಡ್ ಹೇಳಿದೆ. ‘ಆನ್‌ಸೈಟ್ ವಾರಂಟಿ ಅಂತ ಬರೆದಿದ್ದೀರಿ. ಈ ಪಿನ್‌ಕೋಡಿಗೆ ಎಂಜಿನಿಯರ್ ಬರುತ್ತಾರಾ? ಎಷ್ಟು ದಿನಕ್ಕೆ?’ ಉತ್ತರ ಒಂದೇ ಥರ ಬರಲಿಲ್ಲ. ಒಬ್ಬರು ಚಿಕ್ಕಮಗಳೂರು ಪೇಟೆಗೆ ಮಾತ್ರ ಅಂದರು. ಇನ್ನೊಬ್ಬರು ಬರುತ್ತಾರೆ, ಆದರೆ ‘ಮುಂದಿನ ಕೆಲಸದ ದಿನ’ ಅನ್ನುವುದು ನಿಮ್ಮ ಊರಿಗೆ ಅನ್ವಯಿಸಲ್ಲ, ಎರಡು ಮೂರು ದಿನ ಜಾಸ್ತಿ ಆಗುತ್ತದೆ ಅಂದರು. ಅಷ್ಟು ನೇರವಾಗಿ ಹೇಳಿದ್ದು ನನಗೆ ಸಮಾಧಾನವಾಯಿತು. ಆ ಮಾತನ್ನು ಇಮೇಲಿನಲ್ಲಿ ಕಳಿಸಿ ಅಂತ ಕೇಳಿ ತರಿಸಿಕೊಂಡೆ. ನನ್ನ ಕೊನೆಯ ಆಯ್ಕೆಯನ್ನು ತೀರ್ಮಾನ ಮಾಡಿದ್ದು ಈ ಫೋನೇ, ಪ್ರೊಸೆಸರ್ ಅಲ್ಲ. ಯಾವ ಕಂಪನಿ ಅಂತ ಇಲ್ಲಿ ಬೇಕಂತಲೇ ಬರೆಯುತ್ತಿಲ್ಲ. ನಿಮ್ಮ ಪಿನ್‌ಕೋಡಿಗೆ ಉತ್ತರ ಬೇರೆ ಇರಬಹುದು, ಮುಂದಿನ ವರ್ಷ ಅದೇ ಹೆಸರಿನ ಮಾಡೆಲ್ ಒಳಗೆ ಬೇರೆ ಹಿಂಜ್ ಇರಬಹುದು.

ಹಾಸನದ ಅಂಗಡಿಗೆ ಮುಂಗಡ ಕೊಟ್ಟು ಕಾಯುವ ಕಾಲ ಉದ್ದವಾಯಿತು. ಬರುತ್ತೆ, ಬರುತ್ತೆ ಅಂತ ಫೆಬ್ರವರಿ ಮುಗಿಯಿತು. ಎಪಾಕ್ಸಿ ಹಾಕಿದ ಹಳೇದು ಟೇಬಲ್ ಮೇಲೆ ತೆರೆದೇ ಇತ್ತು. ರಾತ್ರಿ ಅದರ ಮೇಲೆ ಒಂದು ಟವೆಲ್ ಹಾಕಿ ಮಲಗುತ್ತಿದ್ದೆ. ಯಾರಾದರೂ ಆ ಕಡೆ ಓಡಾಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಮಾರ್ಚ್ 31 ಹತ್ತಿರ ಬರುತ್ತಿತ್ತು, ವ್ಯಾಪಾರಿಗಳು ಬಿಲ್ಲುಗಳನ್ನು ಚೀಲದಲ್ಲಿ ತುಂಬಿ ತಂದು ಕೊಡುತ್ತಿದ್ದರು.

ಕೊನೆಗೆ ಬಂತು ಅಂತ ಫೋನ್ ಬಂದು ಹಾಸನಕ್ಕೆ ಹೋದರೆ ಡಬ್ಬಿಯ ಮೇಲಿನ ಮಾಡೆಲ್ ನಂಬರಿನಲ್ಲಿ ಕೊನೆಯ ಅಕ್ಷರಗಳು ಬೇರೆ. ಅಂಗಡಿಯವರು ‘ಅದೇ ಮೇಡಂ, ಅದೇ ಹೆಸರು’ ಅಂದರು. ಹೆಸರು ಅದೇ. ಮೊಬೈಲಿನಲ್ಲಿ ಆ ನಂಬರ್ ಹಾಕಿ ನೋಡಿದೆ. ಸ್ಕ್ರೀನ್ ಬೇರೆ: ನಾನು ಹೇಳಿದ್ದು 400 ನಿಟ್ಸ್ ಬೆಳಕಿನದು, ಬಂದದ್ದು ಬಣ್ಣ ಕಡಿಮೆ ತೋರಿಸುವ (45 ಶೇಕಡಾ ಎನ್‌ಟಿಎಸ್‌ಸಿ) 250 ನಿಟ್ಸ್ ಸ್ಕ್ರೀನ್. ಬ್ಯಾಟರಿಯೂ ಚಿಕ್ಕದು. ವರಾಂಡದಲ್ಲಿ ಕೂತು ಕೆಲಸ ಮಾಡುವವರಿಗೆ 250 ನಿಟ್ಸ್ ಅಂದರೆ ಹಗಲು ಹೊತ್ತು ಅಂಕಿ ಕಾಣಲ್ಲ. ಬೆಲೆ ಮಾತ್ರ ಮೊದಲಿನದೇ ಹೇಳಿದರು. ನಾನು ಸೀಲ್ ತೆಗೆಯಲು ಬಿಡಲಿಲ್ಲ. ನನ್ನ ಅದೃಷ್ಟಕ್ಕೆ ಮುಂಗಡದ ರಸೀದಿಯಲ್ಲಿ ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಂಡಿದ್ದೆ. ಅದನ್ನು ತೋರಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕಾಗುತ್ತದೆ ಅಂತ ಮೆಲ್ಲಗೇ ಹೇಳಿದೆ. ಜಗಳ ಆಗಲಿಲ್ಲ. ಮತ್ತೆ ತರಿಸಿಕೊಟ್ಟರು, ಇನ್ನಷ್ಟು ದಿನ ಹೋಯಿತು. ದಯವಿಟ್ಟು ಇದೊಂದನ್ನು ಮಾಡಿ: ‘ಹದಿನಾಲ್ಕು ಇಂಚು, ಐ5’ ಅಂತ ಬರೆದ ರಸೀದಿ ತೆಗೆದುಕೊಳ್ಳಬೇಡಿ. ಪೂರ್ತಿ ನಂಬರ್ ಬರೆಸಿ.

ಸರಿಯಾದದ್ದು ಬಂದ ದಿನ ಅಂಗಡಿಯಲ್ಲೇ ಕೂತು ನೋಡಿದೆ. ಡಬ್ಬಿ, ಮೆಷಿನ್ನಿನ ತಳ, ಒಳಗೆ ಬಯೋಸ್ (ಆನ್ ಆಗುವಾಗ ಮೊದಲು ಓಡುವ ಸಾಫ್ಟ್‌ವೇರ್), ಮೂರೂ ಕಡೆ ಸೀರಿಯಲ್ ನಂಬರ್ ಒಂದೇ ಇರಬೇಕು. ಬ್ಯಾಟರಿ ರಿಪೋರ್ಟ್ ತೆಗೆಯುವ ಆದೇಶ ವಿಂಡೋಸ್‌ನಲ್ಲೇ ಇದೆ, ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡೂ ಕಾಣುತ್ತದೆ. ಹೊಸದರಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ಬಿಳಿ, ಕಪ್ಪು, ಕೆಂಪು ಚಿತ್ರ ಪೂರ್ತಿ ಸ್ಕ್ರೀನಿಗೆ ಹಾಕಿ ಚುಕ್ಕೆ ಇದೆಯಾ ನೋಡಿದೆ. ಪ್ರತಿ ಕಿಂಡಿಗೂ ಪೆನ್‌ಡ್ರೈವ್ ಹಾಕಿದೆ, ಪ್ರತಿ ಕೀಲಿ ಒತ್ತಿದೆ. ಅಂಗಡಿ ಹುಡುಗ ಟೀ ತರಿಸಿಕೊಟ್ಟು ಪಕ್ಕದಲ್ಲಿ ಕೂತು ನೋಡಿದ, ಆಮೇಲೆ ಅವನೂ ಕೇಳಿ ತಿಳಿದುಕೊಂಡ. ಆನ್‌ಲೈನ್‌ನಲ್ಲಿ ತರಿಸುವವರು ಡಬ್ಬಿ ತೆರೆಯುವುದರಿಂದ ಹಿಡಿದು ಮೊದಲ ಸಲ ಆನ್ ಆಗುವವರೆಗೆ ಒಂದೇ ವೀಡಿಯೊದಲ್ಲಿ ಹಿಡಿದಿಡಿ.

ಬಿಲ್ಲಿನಲ್ಲಿ ನನ್ನ ಜಿಎಸ್‌ಟಿ ನಂಬರ್ ಹಾಕಿಸಿದೆ. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಶೇಕಡಾ. ನೋಂದಣಿ ಇರುವವರು, ಕೆಲಸಕ್ಕೇ ಬಳಸುವವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು, ಅಂದರೆ ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಬಿಲ್ ಬರೀ ಹೆಸರಿಗೆ ಆದರೆ ಅದು ಸಿಗಲ್ಲ, ಆಮೇಲೆ ತಿದ್ದಿಸುವುದು ದೊಡ್ಡ ಕೆಲಸ.

ಖರ್ಚು ಹೀಗಾಯಿತು. ಲ್ಯಾಪ್‌ಟಾಪ್ 71,500, ತೆರಿಗೆ ಸೇರಿ. ವಾರಂಟಿಯನ್ನು ಮೂರು ವರ್ಷಕ್ಕೆ, ಮನೆಗೆ ಬಂದು ಮಾಡುವಂತೆ ಹೆಚ್ಚಿಸಿದ್ದಕ್ಕೆ 5,800. ಬಿದ್ದರೆ, ನೀರು ಚೆಲ್ಲಿದರೆ ಬರುವ ಯೋಜನೆಗೆ ಬೇರೆ 2,900. ಈ ಎರಡನೆಯದನ್ನೇ ನಾನು ಮುಖ್ಯ ಅಂತೀನಿ, ಯಾಕೆಂದರೆ ‘ಫಿಸಿಕಲ್ ಡ್ಯಾಮೇಜ್’ ಅನ್ನುವ ಉತ್ತರಕ್ಕೆ ಮದ್ದು ಅದೊಂದೇ. ಇಂಥ ಯೋಜನೆಗಳನ್ನು ಕೊಂಡ ಹೊಸದರಲ್ಲೇ ಮಾಡಿಸಬೇಕು. ನಾನು ತೆಗೆದುಕೊಂಡದ್ದು 14 ಇಂಚಿನದು, ಅದರಲ್ಲಿ ಅಂಕಿಗಳ ಪ್ರತ್ಯೇಕ ಪ್ಯಾಡ್ ಇಲ್ಲ. ಹೊರಗಿನಿಂದ ಹಾಕುವ ಪ್ಯಾಡ್ 650 ರೂಪಾಯಿ. ಲೆಕ್ಕ ಬರೆಯುವವರು ಅದಕ್ಕೋಸ್ಕರ ದೊಡ್ಡ ಲ್ಯಾಪ್‌ಟಾಪ್ ತೆಗೆದುಕೊಳ್ಳುವ ಅಗತ್ಯ ಇಲ್ಲ.

ಮನೆಗೆ ತಂದ ಮೇಲೆ ಇನ್ನೊಂದು ಕಂಡಿತು. ಚಾರ್ಜಿಗೆ ಹಾಕಿ ಮುಚ್ಚಳದ ಮೇಲೆ ಕೈ ಸವರಿದರೆ ಜುಂ ಅನ್ನುತ್ತಿತ್ತು. ಭಯವಾಯಿತು. ಲ್ಯಾಪ್‌ಟಾಪಿನ ದೋಷ ಅಲ್ಲ. ಚಾರ್ಜರ್‌ಗಳಲ್ಲಿ ತೀರಾ ಸಣ್ಣ ಸೋರಿಕೆ ಕರೆಂಟ್ ಇರುತ್ತದೆ, ಮೂರನೇ ಪಿನ್ನಿನಿಂದ ಅದು ಭೂಮಿಗೆ ಹೋಗಬೇಕು. ನಮ್ಮ ಹಳೇ ಮನೆಯ ಆ ಪ್ಲಗ್ಗಿಗೆ ಅರ್ಥಿಂಗ್ ಸತ್ತೇ ಹೋಗಿತ್ತು. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಗುಂಡಿಗೆ ಹೊಸದಾಗಿ ಇದ್ದಿಲು, ಉಪ್ಪು ಹಾಕಿಸಿ ವೈರ್ ಬದಲಿಸಿದೆ. ಜುಂ ಅನ್ನುವುದು ನಿಂತಿತು. ವೋಲ್ಟೇಜ್ ಕಡಿಮೆ ಆಗುವುದಕ್ಕೆ ಅಷ್ಟು ಹೆದರಬೇಕಿಲ್ಲ, ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ಹೆದರಬೇಕಾದ್ದು ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ. ಮೋಡ ಕವಿದ ತಕ್ಷಣ ಪ್ಲಗ್ ಕಿತ್ತಿಡಿ, ನೆಟ್‌ನ ಕೇಬಲ್ ಇದ್ದರೆ ಅದನ್ನೂ. ಮಳೆಗಾಲದಲ್ಲಿ ಬ್ಯಾಗಿನಲ್ಲಿ ಮುಚ್ಚಿ ಇಡುವುದಕ್ಕಿಂತ ದಿನಾ ಸ್ವಲ್ಪ ಹೊತ್ತು ಆನ್ ಮಾಡುವುದು ಒಳ್ಳೆಯದು, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ.

ಎಲ್ಲ ಮುಗಿಯಿತು ಅಂದುಕೊಂಡು ಸೀರಿಯಲ್ ನಂಬರ್ ಹಾಕಿ ವಾರಂಟಿ ನೋಡಿದರೆ, ನಾನು ಕೊಳ್ಳುವುದಕ್ಕೆ ನಾಲ್ಕು ತಿಂಗಳ ಮೊದಲೇ ವಾರಂಟಿ ಶುರುವಾಗಿತ್ತು! ಮೆಷಿನ್ ಕಾರ್ಖಾನೆಯಿಂದ ಹೊರಟ ತಾರೀಖನ್ನೇ ಲೆಕ್ಕಕ್ಕೆ ಹಿಡಿದಿದ್ದರು. ಇದು ಬಹಳ ಜನಕ್ಕೆ ಆಗುತ್ತದೆ, ಬಹಳ ಜನ ನೋಡುವುದೇ ಇಲ್ಲ. ಬಿಲ್ಲಿನ ಪ್ರತಿ, ತಳದ ಸೀರಿಯಲ್ ನಂಬರಿನ ಫೋಟೊ, ಡಬ್ಬಿಯ ಲೇಬಲ್ಲಿನ ಫೋಟೊ ಮೂರನ್ನೂ ಗ್ರಾಹಕ ಸೇವೆಗೆ ಕಳಿಸಿದೆ. ಮೊದಲ ಸಲ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲ ಅಂತ ತಿರಸ್ಕರಿಸಿದರು. ಅಂಗಡಿಯವರಿಂದ ಸೀರಿಯಲ್ ನಂಬರ್ ಸೇರಿಸಿದ ಬಿಲ್ ವಾಟ್ಸಾಪಿನಲ್ಲಿ ತರಿಸಿಕೊಂಡು ಮತ್ತೆ ಕಳಿಸಿದೆ. ಆಮೇಲೆ ತಾರೀಖು ಸರಿಯಾಯಿತು, ಹೆಚ್ಚಿಸಿದ ಮೂರು ವರ್ಷವೂ ಬಿಲ್ಲಿನ ದಿನದಿಂದಲೇ ಲೆಕ್ಕಕ್ಕೆ ಬಂತು. ಬಿಲ್ ಮಾಡಿಸುವಾಗಲೇ ಸೀರಿಯಲ್ ನಂಬರ್ ಹಾಕಿಸಿ. ತಾರೀಖು ಸರಿಯಾದ ಪುಟವನ್ನು ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ.